ಅಜ್ಜಿಯ ಹಲ್ಲು, ಚಿಕ್ಕಪ್ಪನ ಪೀಠ

ನಮ್ಮೂರಿನ ಅರ್ಧ ಜನ ನಗುವುದು ನಮ್ಮ ಚಿಕ್ಕಪ್ಪನ ಹಲ್ಲಿನಲ್ಲಿ. ಹಾಗಂತ ಅವರು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬೊಚ್ಚುಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿಕೊಡುವುದು ಲ್ಯಾಬಿನಲ್ಲಿ ಕೂತ ಚಿಕ್ಕಪ್ಪನ ಕೆಲಸ. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಸ್ಟೂಲು, ಅದೇ ಕಿಟಕಿ, ಮೂಗಿನ ಮೇಲೆ ಅದೇ ಬಿಳಿ ಪುಡಿ. ಆದರೆ ಒಂದು ಸತ್ಯ ಹೇಳಿಬಿಡುತ್ತೇನೆ. ಅವರಾಗಿ ಅವರು ಒಂದು ಸೆಟ್ಟನ್ನೂ ಮುಗಿಸಿದವರಲ್ಲ. ಕೊಡಬೇಕಾದ ದಿನ ಲ್ಯಾಬಿನ ಯಜಮಾನರು ಬಂದು ನಿಲ್ಲುತ್ತಾರೆ, "ಇನ್ನೊಂದು ಚೂರು ಪಾಲಿಶ್ ಇದೆ ಸಾರ್" ಎಂದು ಇವರು ಗೋಗರೆಯುತ್ತಿರುವಾಗಲೇ ಕೈಯಿಂದ ಕಿತ್ತುಕೊಂಡು ಹೋಗುತ್ತಾರೆ. ಊರಿನವರು ಅಗಿದು ಉಣ್ಣುತ್ತಿರುವುದು ಯಜಮಾನರ ಆ ಒರಟುತನದ ಪುಣ್ಯದಿಂದ.

ಮನೆಯಲ್ಲಿ ಹಾಗೆ ಕಿತ್ತುಕೊಳ್ಳುವವರು ಯಾರೂ ಇರಲಿಲ್ಲ. ತೊಂದರೆಯೆಲ್ಲ ಅಲ್ಲೇ.

ಮಹಡಿಯ ಮೇಲಿನ ಅವರ ಕೋಣೆಯಲ್ಲಿ ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಕಪಾಟು. ಅದರೊಳಗೆ ಕಿರುಬೆರಳುದ್ದದ ಬೊಂಬೆಗಳು, ನೂರ ನಲವತ್ತಮೂರು. ಹಲ್ಲಿನ ಮೇಣದಲ್ಲಿ ಕೆತ್ತಿ, ಹಲ್ಲಿನ ಪ್ಲಾಸ್ಟಿಕ್ಕಿನಲ್ಲೇ ಎರಕ ಹೊಯ್ದು, ಮೂರೇ ಮೂರು ಕೂದಲಿನ ಕುಂಚದಿಂದ ಬಣ್ಣ ಹಚ್ಚಿದವು. ಪೋಸ್ಟ್‌ಮ್ಯಾನ್ ಚೀಲದ ಬಿಟ್ಟುಹೋದ ಹೊಲಿಗೆ, ನೆಗಡಿಯಾದ ಪೊಲೀಸನ ಕೆಂಪು ಮೂಗು, ಟಿಕೆಟ್ ಹರಿಯುವವನ ಹೆಬ್ಬೆರಳಿಗೆ ಅಂಟಿದ ಶಾಯಿ, ಎಲ್ಲ ಕಾಣುತ್ತದೆ. ಇಷ್ಟು ಚಂದದ ಬೊಂಬೆಗಳೆಲ್ಲ ನಿಂತಿರುವುದು ಮಾತ್ರ ಔಷಧಿ ಬಾಟಲಿಯ ಮುಚ್ಚಳಗಳ ಮೇಲೆ. ಬಣ್ಣ ಹಚ್ಚುವಾಗ ಕೈಯಲ್ಲಿ ಹಿಡಿಯಲು ಅಂಟಿಸಿದ ಮುಚ್ಚಳ ಅದು. ಬಣ್ಣ ಒಣಗಿದ ಮೇಲೆ ಬೊಂಬೆಯನ್ನು ತಕ್ಕ ಪೀಠಕ್ಕೆ ಏರಿಸಬೇಕು. ತಕ್ಕ ಪೀಠ ಇನ್ನೂ ಸಿಕ್ಕಿರಲಿಲ್ಲ.

"ಬೊಂಬೆ ಯಾರು ಬೇಕಾದ್ರೂ ಮಾಡ್ತಾರೆ," ಎನ್ನುತ್ತಿದ್ದರು ಚಿಕ್ಕಪ್ಪ. "ವಿದ್ಯೆ ಇರೋದು ಪೀಠ ಆರಿಸೋದ್ರಲ್ಲಿ. ಎತ್ತರ ಜಾಸ್ತಿ ಆದ್ರೆ ಬೊಂಬೆ ಕುಳ್ಳಗೆ ಕಾಣುತ್ತೆ. ಅಗಲ ಜಾಸ್ತಿ ಆದ್ರೆ ಪಾಪ, ಒಂಟಿಯಾಗಿಬಿಡುತ್ತೆ. ಹೊಳಪು ಜಾಸ್ತಿ ಆದ್ರೆ ಜನ ಪೀಠ ನೋಡ್ಕೊಂಡು ಮನೆಗೆ ಹೋಗ್ತಾರೆ."

ಮಂಚದ ಕೆಳಗೆ ಎರಡು ಟ್ರಂಕು ತುಂಬ ಪೀಠಗಳಿದ್ದವು. ತೇಗದ್ದು, ಗಾಜಿನದು, ಮೆಟ್ಟಿಲ ಕಂಬದ ತುಂಡು, ಯಾರೋ ಓಟದಲ್ಲಿ ಗೆದ್ದ ಕಪ್ಪಿನ ಬುಡ. ಒಂದೊಂದಕ್ಕೂ ಒಂದೊಂದು ಕೊರತೆ. ವಯಸ್ಸಿನಲ್ಲಿ ಒಮ್ಮೆ ಹುಡುಗಿ ನೋಡಲು ಹೋದವರು ಹುಡುಗಿಯನ್ನು ಬಿಟ್ಟು ಮೂಲೆಯ ಹೂದಾನಿಯನ್ನೇ ನೋಡುತ್ತಾ ಕೂತು, ಹೊರಡುವಾಗ ಅವಳ ಅಪ್ಪನ ಹತ್ತಿರ, "ಇದರ ಕಾಲು ಎಲ್ಲಿ ಕಡೆಸಿದ್ರಿ?" ಎಂದು ಕೇಳಿದರಂತೆ. ಆ ಸಂಬಂಧ ಅಲ್ಲಿಗೇ ಮುಗಿಯಿತು. ಮೈದುನನ ಕೈಯಲ್ಲಿ ಪೂರ್ತಿ ಮುಗಿದ ಕೆಲಸ ಅದೊಂದೇ ಎಂದು ದೊಡ್ಡಮ್ಮ ಈಗಲೂ ಹೇಳುತ್ತಾರೆ.

ಇದೆಲ್ಲ ನಗುವ ವಿಷಯವೇ, ನಡುವೆ ಅಜ್ಜಿ ಇಲ್ಲದಿದ್ದರೆ.

ಅಜ್ಜಿಯ ಕೊನೆಯ ಹಲ್ಲು ಬಿದ್ದು ನಾಲ್ಕು ವರ್ಷವಾಗಿತ್ತು. ಡಾಕ್ಟರು ಅಚ್ಚು ತೆಗೆದುಕೊಟ್ಟಾಗ ಚಿಕ್ಕಪ್ಪ, "ಅಮ್ಮನ ಹಲ್ಲು ಲ್ಯಾಬಿನ ಅವಸರದಲ್ಲಿ ಬೇಡ, ನಾನು ಮನೇಲೇ ಕೂತು ಮಾಡ್ತೀನಿ" ಎಂದರು. ಆಗಲೇ ಅಜ್ಜಿಯ ಗತಿ ಏನೆಂದು ಗೊತ್ತಾಗಬೇಕಿತ್ತು. ಸೆಟ್ಟು ಎರಡನೇ ವರ್ಷಕ್ಕೆ ತಯಾರಾಯಿತು. ಆದರೆ ವಸಡಿನ ಬಣ್ಣ ಸಹಜವಾಗಿ ಬಂದಿಲ್ಲವೆಂದು ಅದರ ಗುಲಾಬಿ ಪ್ಲಾಸ್ಟಿಕ್ಕಿನ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ನರಗಳನ್ನು ಬಿಡಿಸುತ್ತಾ ಕೂತರು. ಅಜ್ಜಿಯ ದವಡೆಯ ಪ್ಲಾಸ್ಟರ್ ಅಚ್ಚಿನ ಮೇಲೆ ಏರಿ ಕೂತ ಆ ಹಲ್ಲುಗಳು ಕಪಾಟಿನ ನಡುವಿನ ಹಲಗೆಯಲ್ಲಿ, ಪೊಲೀಸನ ಪಕ್ಕದಲ್ಲಿ ಕಿಸಿಯುತ್ತಿದ್ದವು. ಇಡೀ ಕಪಾಟಿನಲ್ಲಿ ತಕ್ಕ ಪೀಠವಿದ್ದದ್ದು ಅವಕ್ಕೆ ಮಾತ್ರ.

ಬೇರೆ ಕಡೆ ಮಾಡಿಸೋಣ ಎಂದು ನಮ್ಮಮ್ಮ ಒಂದು ಸಲ ಬಾಯಿಬಿಟ್ಟಳು. ದೊಡ್ಡಪ್ಪನಿಗೆ ಅದು ಸರಿಬರಲಿಲ್ಲ. "ಮನೇಲೇ ಹಲ್ಲು ಮಾಡೋನನ್ನ ಇಟ್ಕೊಂಡು ಹೊರಗೆ ಮಾಡಿಸಿದ್ರೆ ನಾಲ್ಕು ಜನ ಏನಂತಾರೆ?" ಆ ನಾಲ್ಕು ಜನರೂ ಚಿಕ್ಕಪ್ಪನ ಹಲ್ಲು ಹಾಕಿಕೊಂಡು ಹಾಯಾಗಿ ಉಣ್ಣುತ್ತಿದ್ದರು. ನಮ್ಮ ಮನೆಯ ಮರ್ಯಾದೆ ಉಳಿಸುವ ಭಾರ ಮಾತ್ರ ಅಜ್ಜಿಯ ಮೇಲೆ ಬಿತ್ತು, ಅವಳು ನಾಲ್ಕು ವರ್ಷ ಗಂಜಿ ಕುಡಿದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

ಅವಳ ಕನ್ನಡಕದ ಡಬ್ಬಿಯಲ್ಲಿ ನಾಲ್ಕು ಹುರಿದ ಕಡಲೆಕಾಳು ಸದಾ ಇರುತ್ತಿದ್ದವು. ಮೆತ್ತಗಾದರೆ ತೆಗೆದುಹಾಕಿ ಬೇರೆ ಇಟ್ಟುಕೊಳ್ಳುತ್ತಿದ್ದಳು. ಯಾಕಜ್ಜಿ ಎಂದರೆ, "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ. ಹಲ್ಲು ಬಂದ ದಿನ ಕಡಲೆ ಹುಡುಕೋ ಹಾಗೆ ಆಗಬಾರದು" ಎನ್ನುತ್ತಿದ್ದಳು.

ಅವಳಿಗೆ ಎಂಬತ್ತು ತುಂಬಲು ಎರಡು ತಿಂಗಳಿದ್ದಾಗ ದೊಡ್ಡಪ್ಪ ಎಲ್ಲರನ್ನೂ ಹಾಲಿನಲ್ಲಿ ಕೂರಿಸಿ ಕೇಳಿದರು. "ಅಮ್ಮಾ, ಹುಟ್ಟಿದ ದಿನಕ್ಕೆ ನಿನಗೇನು ಬೇಕು?"

"ಹಲ್ಲು," ಎಂದಳು ಅಜ್ಜಿ.

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ನಗು ನಿಂತ ಮೇಲೆ ನಮ್ಮಪ್ಪ, ಇಡೀ ಮನೆಯವರ ಬೊಂಬೆಗಳನ್ನು ಒಂದೇ ಪೀಠದ ಮೇಲೆ ನಿಲ್ಲಿಸಿ ಅಮ್ಮನಿಗೆ ಕೊಟ್ಟರೆ ಹೇಗೆ ಎಂದರು. ಆಹಾ ಓಹೋ ಎಂದಾಯಿತು. ಅಜ್ಜಿ ಕಿರಿಮಗನ ಕಡೆ ತಿರುಗಿ, "ಮಾಡು ಮಗಾ, ಬೇಡ ಅನ್ನಲ್ಲ. ಆದ್ರೆ ಅವತ್ತು ನಾನು ಕಡಲೆ ಕಡೀಬೇಕು, ಅಷ್ಟೇ" ಎಂದಳು. ಚಿಕ್ಕಪ್ಪ ತಲೆಯಾಡಿಸಿದರು, ಆಗಲೇ ಅವರ ಕಣ್ಣು ಪೀಠ ಹುಡುಕುತ್ತಾ ಕಿಟಕಿಯ ಚೌಕಟ್ಟಿನ ಮೇಲಿತ್ತು.

ಐದು ವಾರಕ್ಕೆ ಎಂಟು ಬೊಂಬೆ ತಯಾರಾದವು. ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ನರ್ಸ್ ಕೆಲಸದಿಂದ ನಿವೃತ್ತರಾಗಿ ನಮ್ಮ ಜೊತೆಗೇ ಇರುವ ಅತ್ತೆ, ಅಂದರೆ ಅಪ್ಪನ ಅಕ್ಕ, ಆಮೇಲೆ ನಾನು, ಚಿಕ್ಕಪ್ಪ. ಬಡಗಿಯ ಅಂಗಡಿಯಲ್ಲಿ ಅರ್ಧ ದಿನ ಕಳೆದು ಒಂದು ಹಲಗೆಯನ್ನೂ ತಂದರು. "ಮನೆಗೆಲ್ಲ ಬಾಗಿಲು ಹಾಕಿಸೋರೂ ಇಷ್ಟು ಹೊತ್ತು ಮರ ಸವರಲ್ಲ ಸಾರ್" ಎಂದು ಬಡಗಿ ಅಂದನಂತೆ. ಬೊಂಬೆಯ ಕಾಲಡಿಗೆ ಸೂಜಿಯಷ್ಟು ತಂತಿ, ಹಲಗೆಯಲ್ಲಿ ಅದಕ್ಕೊಂದು ತೂತು. ಮುಂದೆ ಮೂವರು, ಹಿಂದೆ ಐವರು ನಿಂತರು.

ದೊಡ್ಡಪ್ಪನ ಕೆನ್ನೆಯ ಮಚ್ಚೆಯಲ್ಲಿ ಅದರ ಒಂಟಿ ಕೂದಲೂ ಇತ್ತು. ಯಾರೂ ಅದನ್ನು ನೋಡಲಿಲ್ಲ.

"ಹಿರಿಸೊಸೆ ನಾನು, ಹಿಂದಿನ ಸಾಲಲ್ಲಿ ನಿಂತಿದೀನಲ್ಲ," ಎಂದರು ದೊಡ್ಡಮ್ಮ.

"ಸೊಸೆಯರು ಬಂದಿದ್ದು ಆಮೇಲೆ ಕಣಮ್ಮ, ಹೊಟ್ಟೇಲಿ ಹುಟ್ಟಿದೋಳು ನಾನು," ಎಂದರು ಅತ್ತೆ.

ದೊಡ್ಡಪ್ಪ ತಮ್ಮ ಕಾಲಡಿಗೆ ಅಕ್ಕಿಕಾಳಿನಷ್ಟು ಎತ್ತರ ಸಿಕ್ಕರೆ ಸಾಕು, ಚೆನ್ನಾಗಿ ಕಾಣಲಿ ಅಂತ ಅಷ್ಟೇ, ಎಂದರು. ನಮ್ಮಮ್ಮ ತುಟಿಪಿಟಕ್ಕೆನ್ನಲಿಲ್ಲ. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಅವಳ ಬೊಂಬೆ ತುದಿಯ ತೂತು ಬಿಟ್ಟು ಅಜ್ಜಿಯ ಮಗ್ಗುಲಿಗೆ ಬಂದಿತ್ತು. ನಾನೇನು ಸಾಚಾ ಅಲ್ಲ. ಮುಂದಿನ ಸಾಲಿನ ಅತ್ತೆಯ ಬೊಂಬೆಯ ಹಿಂದೆ ನನ್ನ ಬೈತಲೆ ಮಾತ್ರ ಕಾಣುತ್ತಿತ್ತು, ಯಾರೂ ಇಲ್ಲದಾಗ ಹೇರ್‌ಪಿನ್ನಿನಿಂದ ಮುಂದೆ ಒಂದು ತೂತು ಮಾಡಿಕೊಂಡೆ. ಒಂದೇ ವಾರದಲ್ಲಿ ಆ ಹಲಗೆ ಜರಡಿಯಾಯಿತು.

ಚಿಕ್ಕಪ್ಪನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆವು. ಅವರಿಗೆ ಎಲ್ಲಿಲ್ಲದ ಖುಷಿ. "ಪೀಠ ಸರಿ ಇಲ್ಲ ಅಂತ ನಂಗೆ ಮೊದಲೇ ಅನಿಸಿತ್ತು" ಎಂದು ಸಿಳ್ಳೆ ಹಾಕುತ್ತಾ ಟ್ರಂಕು ತೆರೆದರು. ನಮ್ಮ ಜಗಳ ಅವರಿಗೆ ಮುಗಿಸದಿರಲು ಸಿಕ್ಕ ವರ. ಮೂರು ಮೆಟ್ಟಿಲಿನ ಪೀಠ ಮಾಡಿದರು, ಮೇಲಿನ ಮೆಟ್ಟಿಲು ಯಾರದೆಂದು ನಾಲ್ಕು ದಿನ ದೊಡ್ಡಪ್ಪನೂ ಅಪ್ಪನೂ ಮಾತು ಬಿಟ್ಟರು. ಆಮೇಲೆ ದುಂಡು ಪೀಠ. ದುಂಡಗಿದ್ದರೆ ಮುಂದೆ ಹಿಂದೆ ಇರುವುದಿಲ್ಲವಲ್ಲ. ಆದರೆ ಬಾಗಿಲಿನ ಕಡೆಯ ಭಾಗವೇ ಮುಂದು ಎಂದು ಅತ್ತೆ ಪತ್ತೆಹಚ್ಚಿದರು. ಕೊನೆಗೆ ಅದರ ಕೆಳಗೆ ಹಳೆಯ ಫ್ಯಾನಿನ ಬೇರಿಂಗು ಕೂರಿಸಿ, ತಿರುಗುವ ಪೀಠ ಮಾಡಿದರು. ಹಾಲಿನಲ್ಲಿ ಹಾದುಹೋಗುವವರೆಲ್ಲ ಬೆರಳಿನಿಂದ ಒಂದು ತಳ್ಳು ತಳ್ಳಿ ತಮ್ಮ ಬೊಂಬೆಯನ್ನು ಬಾಗಿಲಿಗೆ ತಿರುಗಿಸಿ ಹೋಗುತ್ತಿದ್ದರು. ಬೇರಿಂಗು ಕಿರ್ ಎಂದಷ್ಟು ಹೊತ್ತಿನಲ್ಲೇ ಅಜ್ಜಿ ಕಣ್ಣುಮುಚ್ಚಿ ಕೂತಲ್ಲಿಂದ, "ಈಗ ಹೋಗಿದ್ದು ದೊಡ್ಡೋನು" ಎನ್ನುತ್ತಿದ್ದಳು. ಒಂದು ಸಲವೂ ತಪ್ಪಲಿಲ್ಲ.

ಹುಟ್ಟಿದ ದಿನ ಬಂತು. ಬೆಳಿಗ್ಗೆ ಎಲ್ಲರೂ ಒಗೆದ ಬಟ್ಟೆ ಹಾಕಿಕೊಂಡು ಹಾಲಿನಲ್ಲಿ ಸೇರಿದೆವು. ಪೀಠವಿದ್ದ ಜಾಗ ಖಾಲಿಯಿತ್ತು. ಬೇರಿಂಗಿನ ಸದ್ದು ಸರಿಯಿಲ್ಲವೆಂದು ಚಿಕ್ಕಪ್ಪ ಎಲ್ಲರನ್ನೂ ಕಿತ್ತು, ಮತ್ತೆ ಔಷಧಿ ಮುಚ್ಚಳಕ್ಕೆ ಏರಿಸಿಬಿಟ್ಟಿದ್ದರು.

"ಒಂದೇ ಒಂದು ವಾರ ಕೊಡಮ್ಮ," ಎಂದರು.

"ನನ್ನ ಹಲ್ಲು?"

"ಅದಕ್ಕೂ ಒಂದು ಸಣ್ಣ ಪಾಲಿಶ್ ಇದೆ."

ಅಜ್ಜಿ ಎದ್ದಳು. ಕೋಲು ಬಿಟ್ಟು, ಗೋಡೆ ಹಿಡಿದು, ಆರು ವರ್ಷದಿಂದ ಹತ್ತದ ಹದಿನೇಳು ಮೆಟ್ಟಿಲನ್ನು ಹತ್ತಿದಳು. ನಾವೆಲ್ಲ ಹಿಂದೆ ಹಿಂದೆ. ಕಪಾಟು ತೆರೆದು, ಪೊಲೀಸನನ್ನು ಪಕ್ಕಕ್ಕೆ ಸರಿಸಿ, ಮೇಲಿನದು ಕೆಳಗಿನದು ಎರಡನ್ನೂ ಪ್ಲಾಸ್ಟರಿನಿಂದ ಕಿತ್ತಳು. ಹೂಜಿಯ ನೀರಿನಲ್ಲಿ ತೊಳೆದು ಬಾಯಿಗೆ ಹಾಕಿಕೊಂಡಳು. "ಅಮ್ಮಾ, ನರದ ಬಣ್ಣ," ಎಂದರು ಚಿಕ್ಕಪ್ಪ. ಅಷ್ಟರಲ್ಲಿ ಒಳಗೆ ಟಕ್ ಎಂದಿತು.

ಅವಳ ಕೆನ್ನೆ ತುಂಬಿಕೊಂಡಿತು. ನಾಲ್ಕು ವರ್ಷದ ಹಿಂದಿನ ಅಜ್ಜಿ ನಮ್ಮ ಮುಂದೆ ನಿಂತಿದ್ದಳು. ಮೂರು ವಾರ ತೂತಿಗಾಗಿ ಹೊಡೆದಾಡಿದ ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು. ಅವಳು ಕನ್ನಡಕದ ಡಬ್ಬಿಯಿಂದ ಒಂದು ಕಾಳು ತೆಗೆದು ಕಡಿದಳು. ಕಟಕ್ ಎಂದದ್ದು ಮೆಟ್ಟಿಲ ಮೇಲೆ ನಿಂತಿದ್ದ ಅಪ್ಪನಿಗೂ ಕೇಳಿಸಿತು.

"ಎಡಗಡೆ ಚುಚ್ಚುತ್ತೆ," ಎಂದಳು.

ಚಿಕ್ಕಪ್ಪನ ಕೈ ತಾನಾಗಿ ಮುಂದೆ ಬಂತು. "ಕೊಡು, ಒಂದು ನಿಮಿಷದಲ್ಲಿ ಸರಿಮಾಡ್ತೀನಿ."

ಅಜ್ಜಿ ಬಾಯಿ ಬಿಗಿದಳು. ಆ ಕೈಗೆ ಖಾಲಿಯಾದ ಕೆಳದವಡೆಯ ಅಚ್ಚನ್ನು ಇಟ್ಟಳು. "ಇಷ್ಟು ದಿನ ನನ್ನ ಹಲ್ಲನ್ನ ಹೊತ್ಕೊಂಡಿತ್ತಲ್ಲ, ಗಟ್ಟಿಯಾಗಿದೆ. ನಿನ್ನ ಬೊಂಬೆಗಳನ್ನ ಇದರ ಮೇಲೆ ನಿಲ್ಲಿಸು. ಈಗಲೇ."

ಚಿಕ್ಕಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಎತ್ತರ ಅಳೆದರು, ಅಗಲ ಅಳೆದರು, ಬೆಳಕಿಗೆ ಹಿಡಿದರು. ಹೊಳಪಿಲ್ಲದ ಬಿಳುಪು, ಲಾಳದಂತೆ ಬಾಗಿದ ಏಣು. ಕೊರತೆ ಸಿಗಲಿಲ್ಲ. ಡ್ರಿಲ್ ಹಚ್ಚಿ ಕೂತರು, ಅಜ್ಜಿ ಯಜಮಾನರ ಹಾಗೆ ತಲೆಯ ಮೇಲೆ ನಿಂತಳು.

"ನಿನ್ನ ಬೊಂಬೆ ಎಲ್ಲಿಡಲಮ್ಮ?"

"ನನ್ನ ದವಡೆ ಮೇಲೆ ನಾನೇ ಯಾಕೆ ಹತ್ಲಿ? ಬೇಡ."

ಉಳಿದ ಏಳು ಬೊಂಬೆಗಳೂ ಹಲ್ಲುಗಳ ಜಾಗದಲ್ಲಿ ನಿಲ್ಲಬೇಕು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಮುಂದಿನ ಹಲ್ಲಿನ ಜಾಗ ಹಿರಿಯರಿಗೆ, ಅಲ್ವಾ?"

ಅಜ್ಜಿ ಎರಡನೇ ಕಡಲೆ ಅಗಿಯುತ್ತಿದ್ದಳು. "ಮುಂದಿನದು ಬರೀ ತೋರಿಕೆಗೆ ಕಣೋ. ಅಗಿಯೋದೆಲ್ಲ ದವಡೆಹಲ್ಲು."

ಆಮೇಲೆ ದೊಡ್ಡಪ್ಪ, ತಮಗೆ ಹಿಂದೆ ಸಾಕು, ಮುಂದೆ ನಿಲ್ಲುವ ಆಸೆ ತಮಗೆ ಯಾವತ್ತೂ ಇರಲಿಲ್ಲ ಎಂದರು. ದೊಡ್ಡಮ್ಮನಿಗೂ ಇರಲಿಲ್ಲವಂತೆ. ಅತ್ತೆಗೂ, ಅಪ್ಪನಿಗೂ, ಅಮ್ಮನಿಗೂ ಹಿಂದೆಯೇ ಬೇಕಾಯಿತು. ಕಡೆಗೆ ದವಡೆಯ ಎರಡು ಕಡೆ ಭುಜಕ್ಕೆ ಭುಜ ತಾಗಿಸಿ ನಾವು ಆರು ಜನ ಸೇರಿಕೊಂಡೆವು. ಮುಂದಿನ ಜಾಗ ಹಾಗೇ ಉಳಿದಿತ್ತು. ಚಿಕ್ಕಪ್ಪ ಬೇರೆ ದಾರಿ ಕಾಣದೆ ತಮ್ಮ ಬೊಂಬೆಯನ್ನು ಅಲ್ಲಿಗೆ ಚುಚ್ಚಿದರು. ನೋಡಿದವರಿಗೆ ಅವರೇ ಮೊದಲು ಕಾಣುತ್ತಾರೆ.

ಅದು ಈಗ ಹಾಲಿನಲ್ಲಿದೆ. ಬಂದವರು ಇಷ್ಟು ಚಂದದ ಪೀಠ ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ, ಅಜ್ಜಿ ಹಲ್ಲು ಬಿಟ್ಟು ನಗುತ್ತಾಳೆ. ಚಿಕ್ಕಪ್ಪ ದಿನವೂ ಊಟದ ಹೊತ್ತಿಗೆ ಆಸೆಯಿಂದ ಕೇಳುತ್ತಾರೆ, "ಅಮ್ಮಾ, ಎಡಗಡೆ ಚುಚ್ಚುತ್ತಾ?" ಇಲ್ಲ ಮಗಾ, ಹೂವಿನ ಹಾಗಿದೆ ಎನ್ನುತ್ತಾಳೆ.

ಮೊನ್ನೆ ಅವಳಿಗೆ ಮಾತ್ರೆ ಕೊಡುವಾಗ ವಸಡಿನ ಎಡಗಡೆ ಕೆಂಪಗಾಗಿದ್ದು ನನ್ನ ಕಣ್ಣಿಗೆ ಬಿತ್ತು. ಚಿಕ್ಕಪ್ಪನಿಗೆ ಹೇಳುತ್ತೇನೆ ಎಂದೆ. ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಹೇಳಬೇಡ ಪುಟ್ಟೀ. ಅವನ ಕೈಗೆ ಕೊಟ್ರೆ ವಾಪಸ್ ಬರಲ್ಲ."