ಎರಡು ಕೇಬಲ್, ಒಂದು ಬಿಳಿ ಸೀರೆ

ಮನೆಯವರಿಗೆ ‘ಒಂದು ತಾಸು ಸುಮ್ಮನಿರಿ’ ಎಂದು ಹೇಳಲು ಬಾಯಿ ಬರದವರು ಏನು ಮಾಡುತ್ತಾರೆ? ನಾನಂತೂ ಹೊಸ ರೌಟರ್ ಕೊಂಡೆ.

ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರನ್ನು ಮಾತಾಡಿಸಿ ಮಾಡಿಕೊಂಡ ವಿಡಿಯೋಗಳೇ ನನ್ನ ಎಂ.ಫಿಲ್. ಪ್ರಬಂಧದ ಜೀವ. ಅವನ್ನು ನೋಡಿ, ಮಾತುಗಳನ್ನು ಬರೆದುಕೊಂಡು, ಕೊನೆಯ ಅಧ್ಯಾಯ ಮುಗಿಸಬೇಕಿತ್ತು. ತಿಂಗಳ ಕೊನೆಗೆ ಕೊಡದಿದ್ದರೆ ಇನ್ನೊಂದು ವರ್ಷ ಕಾಯಬೇಕು ಎಂದು ಗೈಡ್ ಮೇಡಂ ಹೇಳಿದ್ದರು. (ಅವರು ಎರಡು ಸಲ ಹೇಳುವವರಲ್ಲ.)

ವಿಡಿಯೋಗಳಿದ್ದದ್ದು ಕಾಕಾನ ಕೋಣೆಯ ಸ್ಟೋರೇಜ್ ಡಬ್ಬಿಯಲ್ಲಿ. ಅದು ರೌಟರಿಗೆ ಕೇಬಲ್ ಹಚ್ಚಿದ ದೊಡ್ಡ ಹಾರ್ಡ್ ಡಿಸ್ಕ್; ಮನೆಯವರೆಲ್ಲ ತಮ್ಮ ತಮ್ಮ ಲ್ಯಾಪ್‌ಟಾಪಿನಿಂದಲೇ ಅದನ್ನು ತೆರೆಯಬಹುದು. ಏಕಸಂಬಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಕಾಕಾ ತಾವು ತೆಗೆದ ಮದುವೆ ವಿಡಿಯೋಗಳನ್ನೂ ಅದರಲ್ಲೇ ಇಡುತ್ತಾರೆ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ. ಹಾಗಾಗಿ ಏಳು ಗಂಟೆಗೆ ಎಲ್ಲರ ಕೈಯೂ ಖಾಲಿ. ನಾನು ಬೀಡಿ ವಿಡಿಯೋ ತೆರೆಯುತ್ತೇನೆ, ಅದೇ ಗಳಿಗೆಗೆ ಕಾಕಾ ಬೇಸಿಗೆಯ ಮದುವೆಗಳನ್ನು ಡಬ್ಬಿಗೆ ತುಂಬಲು ಶುರು ಮಾಡುತ್ತಾರೆ. ನನ್ನ ಪರದೆಯಲ್ಲಿ ಬೀಡಿ ಕಟ್ಟುವ ಹೆಂಗಸು ಬಾಯಿ ತೆರೆದವಳು ತೆರೆದಂತೆಯೇ ನಿಲ್ಲುತ್ತಾಳೆ. (ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬಾರದೇ? ಅದರಲ್ಲಿ ಜಾಗವಿಲ್ಲ.)

ಚಿಕ್ಕೋಡಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸ್ಕೂಟಿ ಓಡಿಸಿದವರಿಗೆ ಈ ಕಷ್ಟ ಗೊತ್ತು.

ಕಾಕಾನಿಗೆ ಒಂದು ಮಾತು ಹೇಳಬಹುದಿತ್ತು. ಅದರ ಬದಲು ನಾನು ಲಿಂಕ್ ಅಗ್ರಿಗೇಶನ್ ಬಗ್ಗೆ ಓದಿದೆ. ರೌಟರಿನಿಂದ ಡಬ್ಬಿಗೆ ಒಂದರ ಬದಲು ಎರಡು ಕೇಬಲ್ ಎಳೆದು, ಎರಡನ್ನೂ ಒಂದೇ ದಾರಿಯೆಂದು ನಂಬಿಸುವ ಉಪಾಯ ಅದು. ಒಬ್ಬರೇ ಇದ್ದರೆ ವೇಗ ಹೆಚ್ಚುವುದಿಲ್ಲ. ಇಬ್ಬರು ಬಂದಾಗ ಮಾತ್ರ ಪ್ರಯೋಜನ. ಒಂದು ಕೇಬಲ್ ಕಿತ್ತುಬಂದರೆ ಇನ್ನೊಂದು ಸದ್ದಿಲ್ಲದೆ ಕೆಲಸ ಮುಂದುವರಿಸುತ್ತದೆ. ಎಷ್ಟು ಸಭ್ಯ ವ್ಯವಸ್ಥೆ!

ಆದರೆ ರೌಟರ್, ಡಬ್ಬಿ ಎರಡೂ ಇದಕ್ಕೆ ಒಪ್ಪಬೇಕು. ಹಳೆಯ ರೌಟರಿಗೆ ಇದು ಬರುತ್ತಿರಲಿಲ್ಲ, ಅದಕ್ಕೇ ಹೊಸದು. ಒಪ್ಪಿಸಲು ಎರಡು ದಿನ ಹಿಡಿಯಿತು. ಪಡಸಾಲೆಯಲ್ಲಿ ನೆಲದ ಮೇಲೆ ಕುಳಿತು, ಕಾಕಾನ ಕೋಣೆಯವರೆಗೆ ಐದು ಮೀಟರಿನ ಹೊಸ ನೀಲಿ ಕೇಬಲ್ ಎಳೆದೆ. ನಮ್ಮ ಅಜ್ಜಿ, ಅಂದರೆ ಮನೆಮಂದಿಗೆಲ್ಲ ‘ಆಯಿ’, ಜಪಮಾಲೆ ಹಿಡಿದು ನೋಡುತ್ತಿದ್ದರು.

“ಒಂದ್ ಡಬ್ಬಿಗೆ ಎರಡ್ ವೈರ್ ಯಾಕ ಬೇ?”

“ಬೇಕಾಗ್ತೈತಿ ಆಯಿ.”

ಅದಾದ ಮೇಲೆ ಏನು ಹೇಳಲಿ! ಬೀಡಿ ಕಟ್ಟುವ ಹೆಂಗಸರು ತಡೆಯಿಲ್ಲದೆ ಮಾತಾಡಿದರು. ಮೂರು ವಾರದಲ್ಲಿ ಅಧ್ಯಾಯ ಮುಗಿಯಿತು, ಗಡುವಿಗೆ ಎರಡು ದಿನ ಮೊದಲೇ ಕಳಿಸಿದೆ. ಗೆಳತಿಯರಿಗೆಲ್ಲ ಲಿಂಕ್ ಅಗ್ರಿಗೇಶನ್ ಉಪದೇಶ ಮಾಡಿದೆ.

ಹೋದ ವಾರ ಟವೆಲ್ ಹುಡುಕುತ್ತ ಆಯಿಯ ಕೋಣೆಗೆ ಹೋದೆ. ಮಳೆಗಾಲವಲ್ಲವೇ, ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಆಯಿ ತಮ್ಮ ಬಿಳಿ ಸೀರೆ ಒಣಹಾಕಿದ್ದರು. ಹಗ್ಗ ನೀಲಿಯಾಗಿತ್ತು. ತುದಿಯಲ್ಲಿ ಪ್ಲಗ್ ತೂಗುತ್ತಿತ್ತು.

“ಆಯಿ, ಇದನ್ನ ಯಾವಾಗ ಕಿತ್ತಿ?”

“ನೀ ಹಚ್ಚಿದ ಮರುದಿನಾನ. ಚಾತುರ್ಮಾಸದಾಗ ಯಾವುದೂ ಹೆಚ್ಚಿಂದು ಮನ್ಯಾಗ ಇಡೂದಿಲ್ಲಂತ ನೇಮ ಹಿಡದೀನಿ. ಒಂದು ಕಿತ್ತು ನೋಡಿದೆ. ಡಬ್ಬಿ ನಡದೇ ಇತ್ತು. ಮತ್ತ ಆ ಕಿತ್ತಿದ್ದು ಹೆಚ್ಚಿಂದ ಅಲ್ಲೇನು?”

ಹಾಗಾದರೆ ಮೂರು ವಾರ ನಾನು ಓಡಿದ್ದು ಒಂದೇ ಕೇಬಲ್ಲಿನ ಮೇಲೆ. ಮುಂದಿದ್ದ ಕಾಕಾನ ಮದುವೆಗಳ ಟ್ರ್ಯಾಕ್ಟರ್ ಎಲ್ಲಿ ಹೋಗಿತ್ತು?

ಬಾಗಿಲಲ್ಲಿ ನಿಂತಿದ್ದ ಕಾಕಾ ನಕ್ಕರು. “ಆಯಿ ನನಗ ತಾಕೀತು ಮಾಡಿದ್ಲು ತಂಗಿ. ‘ಹುಡುಗಿ ಎರಡ್ ದಿನ ನೆಲಾ ಹಿಡದು ಕುಂತಾಳ. ಅಕಿ ಬಾಯಿಬಿಟ್ಟು ಕೇಳಾಕಿ ಅಲ್ಲ. ಸಂಜಿಮುಂದ ನಿನ್ನ ಮದುವಿ ಬಂದ್ ಮಾಡು’ ಅಂದ್ಲು. ಆವತ್ತಿಂದ ನಾ ಮುಂಜಾನೆ ಎದ್ದು ಕಾಪಿ ಮಾಡಾಕತ್ತೀನಿ.”

“ನನಗ ಹೇಳಬಾರದಿತ್ತೇನ್ರಿ ಕಾಕಾ?”

“ನೀ ನನಗ ಹೇಳಿದ್ಯೇನು?”

ಆಯಿ ಸೀರೆಯ ಸೆರಗು ಸರಿಮಾಡಿದರು. “ಬೇಕಿದ್ರ ಬಾಯಿಬಿಟ್ಟು ಕೇಳು, ಬಿಚ್ಚಿ ಕೊಡ್ತೀನಿ.”

ಪಾಠ ಕಲಿತೆ ಎಂದು ಬರೆದರೆ ಅಂಕಣ ಚೆಂದವಾಗಿ ಮುಗಿಯುತ್ತಿತ್ತು. ಆದರೆ ಮೌಖಿಕ ಪರೀಕ್ಷೆಗೆ ಸಂಜೆ ಆ ವಿಡಿಯೋಗಳನ್ನು ಮತ್ತೆ ನೋಡಬೇಕು. ಕಾಕಾ ಪಾಪ, ಎಷ್ಟು ದಿನವೆಂದು ಬೆಳಗ್ಗೆ ಬೇಗ ಏಳುತ್ತಾರೆ? ಆ ಕೇಬಲ್ ಈಗ ನಿಜವಾಗಿಯೂ ಬೇಕು.

ಆಯಿಯನ್ನು ಕೇಳಲು ಸಂಕೋಚವಾಗಿ, ನಿನ್ನೆ ಹೊಸದೊಂದನ್ನು ಆರ್ಡರ್ ಮಾಡಿದ್ದೇನೆ.