ಎಕ್ಸ್‌ರೇ ಕೋಣೆಯ ಸರದಾರ

೧೯೫೫ರ ಮಾತು. ನಮ್ಮೂರು ಬಿಜಾಪುರ ಆಗಿನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು. ಅಪ್ಪ ಮುಂಬಯಿ ಶಹರದ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಮನೆ ಘಾಟ್ಕೋಪರ್‌ನ ಚಾಳಿನಲ್ಲಿ ಒಂದೇ ಖೋಲಿ. ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಯ ಲಿಖಿತ ಪರೀಕ್ಷೆ, ಸಂದರ್ಶನ ಎರಡನ್ನೂ ಹೇಗೋ ದಾಟಿದ್ದೆ. ಉಳಿದದ್ದು ವೈದ್ಯಕೀಯ ಪರೀಕ್ಷೆ. "ನಮ್ಮಂಥವರ ಮಕ್ಕಳನ್ನ ಯಾರ್ ತಗೋತಾರ? ಅಲ್ಲಿ ಕರ್ನಲ್ಲರ ಮಕ್ಕಳಿಗಷ್ಟ ಜಾಗಾ" ಎಂದು ಚಾಳಿನವರು ಹೇಳುತ್ತಲೇ ಇದ್ದರು.

ಸೈನ್ಯದ ಆಸ್ಪತ್ರೆಗೆ ಹೊರಡುವಾಗ ಅವ್ವ ನನ್ನ ಕೊರಳಿನ ಲಿಂಗದ ಕರಡಿಗೆ ಮುಟ್ಟಿ ನೋಡಿದಳು. "ಜೀವಾ ಹೋದ್ರೂ ಲಿಂಗ ಮೈ ಬಿಡಬಾರದು, ತಮ್ಮಾ." ದೀಕ್ಷೆಯಾದಂದಿನಿಂದ ಅದು ನನ್ನ ಮೈ ಬಿಟ್ಟಿರಲಿಲ್ಲ.

ಎದೆಯ ಎಕ್ಸ್‌ರೇ ತೆಗೆಯುವ ಕೋಣೆಯಲ್ಲಿ ಬಂತು ನೋಡಿ ಗ್ರಹಚಾರ. ಡಾಕ್ಟರು ಬೆಳ್ಳಿಯ ಕರಡಿಗೆ ತೋರಿಸಿ, "ಅದನ್ನು ತೆಗೆದು ಮೇಜಿನ ಮೇಲಿಡು" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಗುವುದಿಲ್ಲ ಎಂದೆ.

"ಲೋಹ ಇದ್ದರೆ ಚಿತ್ರ ಕೆಡುತ್ತದೆ. ತೆಗೆಯದಿದ್ದರೆ ಅಂಗಿ ಹಾಕಿಕೊಂಡು ಮನೆಗೆ ಹೋಗು."

ಅತ್ತ ದರಿ, ಇತ್ತ ಪುಲಿ. ಕರಡಿಗೆಯ ಮೇಲೆ ಕೈಯಿಟ್ಟು ನಿಂತೆ. "ನೆಕ್ಸ್ಟ್" ಎಂದರು ಡಾಕ್ಟರು.

ನನ್ನ ಹಿಂದಿದ್ದವನು ಪೇಟ ಕಟ್ಟಿದ ಸಿಖ್ ಸರದಾರ ಹುಡುಗ. ಅವನು ಮುಂದೆ ಬರಲಿಲ್ಲ. ಕೈ ಚಾಚಿ ತನ್ನ ಧರ್ಮದ ಗುರುತಾದ ಉಕ್ಕಿನ ಕಡಗ ತೋರಿಸಿದ. "ಸಾಬ್, ಇದೂ ಲೋಹವೇ. ನಾನೂ ತೆಗೆಯುವುದಿಲ್ಲ. ನನ್ನನ್ನೂ ಮನೆಗೆ ಕಳಿಸುತ್ತೀರಾ?"

ಗುರುತಿಲ್ಲ, ಪರಿಚಯವಿಲ್ಲ. ನನಗಾಗಿ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದಾನಲ್ಲ ಎಂದು ಹೆದರಿಕೆಯ ಜೊತೆ ಸಿಟ್ಟೂ ಬಂತು.

ಡಾಕ್ಟರು ಅವನನ್ನು ದಿಟ್ಟಿಸಿದರು. "ನಿನ್ನದು ಕೈಯಲ್ಲಿದೆ, ಚಿತ್ರದಲ್ಲಿ ಬೀಳುವುದಿಲ್ಲ. ಇವನದು ಎದೆಯ ಮೇಲಿದೆ" ಎಂದವರು, ಏನೋ ಹೊಳೆದಂತೆ ನನ್ನ ಕಡೆ ತಿರುಗಿದರು. "ಅದನ್ನು ಕೈಯಲ್ಲಿ ಹಿಡಿಯಬಹುದೇನು?"

ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿಟ್ಟೇ ಲಿಂಗಪೂಜೆ ಮಾಡುವವನು ನಾನು. ಗಾಬರಿಯಲ್ಲಿ ಅದೇ ಮರೆತುಹೋಗಿತ್ತು! ಕರಡಿಗೆಯಿಂದ ಲಿಂಗ ತೆಗೆದು ಮುಷ್ಟಿಯಲ್ಲಿ ಹಿಡಿದು, ಬರಿ ಕರಡಿಗೆಯನ್ನು ಮೇಜಿನ ಮೇಲಿಟ್ಟು, ಎಡಗೈಯನ್ನು ತಲೆಯ ಮೇಲೆತ್ತಿ ನಿಂತೆ. ಚಿತ್ರ ತೆಗೆದರು.

ಅದೇ ಮಧ್ಯಾಹ್ನ ಆ ಸರದಾರ ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ. "ಕೋಯಿ ಬಾತ್ ನಹೀ", ಪರವಾಗಿಲ್ಲ ಎಂದು ನನ್ನ ಬೆನ್ನು ತಟ್ಟಿ ಹೊರಟುಹೋದ. ಅವನ ಹೆಸರನ್ನೂ ನಾನು ಕೇಳಲಿಲ್ಲ. ನಾನು ಆಯ್ಕೆಯಾದೆನೆಂದು ತಿಳಿದ ದಿನವೂ ಅವನದೇ ನೆನಪು.

ಎಲ್ಲ ಕೇಳಿದ ಅವ್ವ, "ಹೆಸರು ಗೊತ್ತಿರದಿದ್ರ ಏನಾತು? ದಿನಾ ಪೂಜಾದಾಗ ಅವನ ಪಾಲಿಂದೂ ಒಂದು ಪತ್ರಿ ಏರಸು" ಎಂದಳು.

ಸೈನ್ಯದಿಂದ ನಿವೃತ್ತನಾಗಿ ಬಹಳ ಕಾಲವಾಯಿತು. ಅಂಗೈ ಮೇಲಿನ ಲಿಂಗಕ್ಕೆ ಈಗಲೂ ಎರಡು ಬಿಲ್ವಪತ್ರಿ ಏರಿಸುತ್ತೇನೆ. ಮೊದಲನೆಯದು ಅವನದು.