ಸೋಲದ ಪೆಟ್ಟಿಗೆ

ಲಿಫ್ಟ್ ರಿಪೇರಿಯವನಿಗೆ ಅಣ್ಣನೇ ಗುರು. ಬೆಸುಗೆ ಹಾಕುವುದನ್ನು ಕೈಹಿಡಿದು ಕಲಿಸಿದವನು ಅವನೇ, ಜೀವನವಿಡೀ ಕಾಲೆಳೆದವನೂ ಅವನೇ. ಅಣ್ಣನಿಗೆ ಟೆಲಿಫೋನ್ ಕಚೇರಿಯಲ್ಲಿ ಕೆಲಸ. ಬಿಡುವಾದಾಗಲೆಲ್ಲ ಹವ್ಯಾಸಿಗಳ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದಕ್ಕೆ ತಾನು ಮಾಡಿದ ಸರ್ಕಿಟ್‌ಗಳನ್ನು ಬರೆದು ಕಳಿಸುತ್ತಿದ್ದ. ಅವುಗಳಲ್ಲಿ ಹೆಸರು ಮಾಡಿದ್ದು ಒಂದು ಆಟದ ಪೆಟ್ಟಿಗೆ. ಮೇಲೆ ಸಾಲಾಗಿ ಕೆಂಪು ದೀಪಗಳು. ಆಡುವವನು ಮೊದಲು ಗುಂಡಿ ಒತ್ತಿ ಒಂದೋ ಎರಡೋ ಮೂರೋ ದೀಪ ನಂದಿಸಬೇಕು, ಆಮೇಲೆ ಪೆಟ್ಟಿಗೆ ತನ್ನ ಸರದಿಯಲ್ಲಿ ನಂದಿಸುತ್ತದೆ. ಕೊನೆಯ ದೀಪ ಯಾರ ಪಾಲಿಗೆ ಬಂತೋ ಅವರು ಸೋತರು. ಪೆಟ್ಟಿಗೆ ಮಾತ್ರ ಒಮ್ಮೆಯೂ ಸೋತದ್ದಿಲ್ಲ.

"ಮೋಸ ಇದೆ ಕಣೋ ಇದರಲ್ಲಿ" ಎಂದು ತಮ್ಮ ಮುಖ ಊದಿಸಿಕೊಂಡರೆ, ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಮೋಸ ಅಲ್ವೋ ದಡ್ಡ, ಲೆಕ್ಕ!"

ನಿವೃತ್ತನಾದ ಮೇಲೆ ಅಣ್ಣನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಜೊತೆಗೆ ಮಾತೂ ಹೋಯಿತು. ಉಳಿದದ್ದು "ಆಯ್ತು" ಎಂಬುದೊಂದೇ. ಹಸಿವಾದರೂ ಆಯ್ತು, ನೋವಾದರೂ ಆಯ್ತು. ಒಂದು ದಿನ ಅವನು ಎಡಗೈಯಿಂದ ಅಟ್ಟದ ಕಡೆ ತೋರಿಸಿದ. ತಮ್ಮ ಹತ್ತಿ ಒಂದೊಂದೇ ಸಾಮಾನು ಎತ್ತಿ ತೋರಿಸಿದ. ಆಟದ ಪೆಟ್ಟಿಗೆ ಕಂಡೊಡನೆ ಅಣ್ಣನ ಕಣ್ಣರಳಿತು. ಧೂಳೊರೆಸಿ ಸ್ವಿಚ್ ಹಾಕಿದರೆ ಒಂದು ದೀಪವೂ ಹತ್ತಲಿಲ್ಲ. ಅಣ್ಣ ಗುಂಡಿ ಒತ್ತುತ್ತಲೇ ಇದ್ದ.

ತಮ್ಮ ಬಿಚ್ಚಿ ನೋಡಿದ. ತಂತಿಗಳೆಲ್ಲ ಸರಿಯಿದ್ದವು. ಆಟದ ಲೆಕ್ಕದ ಕೋಡ್ ತುಂಬಿದ್ದ ಚಿಪ್ ಮಾತ್ರ ವಯಸ್ಸಾಗಿ ಖಾಲಿಯಾಗಿತ್ತು.

"ಅತ್ತಿಗೆ, ಅಣ್ಣ ಬರೆದ ಕೋಡ್ ಎಲ್ಲಾದ್ರೂ ಇದೆಯಾ?"

"ಹಳೇ ಕಂಪ್ಯೂಟರ್ ಗುಜರಿಗೆ ಹೋಯ್ತಪ್ಪ. ಇವರೇ ಕೊಟ್ಟಿದ್ದು. ಬೇಕಾದ್ರೆ ಮತ್ತೆ ಬರೀತೀನಿ, ಎಲ್ಲಾ ತಲೇಲೇ ಇದೆ ಅಂದಿದ್ರು." ಅತ್ತಿಗೆ ಅಷ್ಟು ಹೇಳಿ ಒಳಗೆ ಹೋದರು.

ಪತ್ರಿಕೆಯ ಹಳೆಯ ಸಂಚಿಕೆ ಸಿಕ್ಕಿತು. ಸರ್ಕಿಟ್ ಚಿತ್ರ ಪೂರ್ತಿ ಇತ್ತು. ಕೋಡ್ ಇರಲಿಲ್ಲ, ಬೇಕಾದವರು ಕಚೇರಿಯಿಂದ ಫ್ಲಾಪಿ ತರಿಸಿಕೊಳ್ಳಬಹುದೆಂದು ಕೊನೆಯಲ್ಲಿ ಅಚ್ಚಾಗಿತ್ತು. ಆ ಕಚೇರಿಯಿದ್ದ ಜಾಗದಲ್ಲೀಗ ಚಪ್ಪಲಿ ಅಂಗಡಿ. ಪತ್ರಿಕೆಯ ಮುದಿ ಸಂಪಾದಕರು ಮಗಳ ಮನೆಯಲ್ಲಿದ್ದರು, ಅವರೂ ಕೈ ಚೆಲ್ಲಿದರು. "ಖಾಲಿ ಮಾಡುವಾಗ ಎಲ್ಲಾ ಮೂಟೆ ಕಟ್ಟಿದ್ವಿ. ಮೂಟೆ ಎಲ್ಲಿ ಹೋಯ್ತೋ ದೇವರಿಗೇ ಗೊತ್ತು. ಓದುಗರನ್ನ ಕೇಳಿ ನೋಡಿ. ಯಾರಾದ್ರೂ ಇಟ್ಕೊಂಡಿರ್ತಾರೆ."

ಲಿಫ್ಟ್‌ಗಳ ಮೇಲಿನ ಮೋಟಾರ್ ಕೋಣೆಗಳಲ್ಲಿ ಕೂತು, ಗ್ರೀಸ್ ಮೆತ್ತಿದ ಬೆರಳಲ್ಲೇ ಅವನು ಹಳೆಯ ಹವ್ಯಾಸಿಗಳ ಗುಂಪುಗಳಿಗೆಲ್ಲ ಬರೆದ. ಒಬ್ಬರು ಇದೇ ಎಂದು ಕಳಿಸಿದ ಕೋಡ್ ಹಾಕಿದರೆ, ದೀಪಗಳು ಅಂಗಡಿಯ ಅಲಂಕಾರದ ಸರದಂತೆ ಸುಮ್ಮನೆ ಓಡಾಡಿದವು. ಅಣ್ಣ ಅತ್ತ ಮುಖ ತಿರುಗಿಸಿದ. ಕೊನೆಗೆ ದೂರದ ಊರಿನ ನಿವೃತ್ತ ಗಣಿತದ ಟೀಚರೊಬ್ಬರು ಉತ್ತರಿಸಿದರು. ಫ್ಲಾಪಿ ತರಿಸಿಕೊಂಡಿದ್ದವರು ಅವರು. ಅದು ಕೆಡುವ ಮುನ್ನವೇ ನಕಲು ಮಾಡಿಟ್ಟಿದ್ದರು. ಕೋಡ್ ತುಂಬಿದ ಹೊಸ ಚಿಪ್ ಅಂಚೆಯಲ್ಲಿ ಬಂತು.

ದೀಪಗಳು ಹತ್ತಿದವು. ಅಣ್ಣ ಆಡಿದ, ಸೋತ. ಮತ್ತೆ ಆಡಿದ, ಮತ್ತೆ ಸೋತ. ದಿನವೂ ಅದೇ. ಗೆಲ್ಲಲಾಗದಂತೆ ಆಟ ಕಟ್ಟಿದವನು ಇವನೇ, ಇವನೇ ಅದನ್ನು ಮರೆತುಬಿಟ್ಟನಲ್ಲ ಎಂದುಕೊಂಡ ತಮ್ಮ. ಟೀಚರಿಗೆ ಫೋನ್ ಮಾಡಿದ.

"ಮೇಡಂ, ಇದನ್ನ ಸೋಲೋ ಹಾಗೆ ಮಾಡೋಕಾಗುತ್ತಾ?"

"ಸೋಲದೇ ಇರೋದೇ ಅಲ್ವೇನ್ರೀ ಇದರ ಚೆಂದ?"

"ನೋಡೋಕಾಗ್ತಿಲ್ಲ ಮೇಡಂ."

ಟೀಚರ್ ಒಲ್ಲದ ಮನಸ್ಸಿನಿಂದಲೇ ಕೋಡ್ ತಿದ್ದಿ ಇನ್ನೊಂದು ಚಿಪ್ ಕಳಿಸಿದರು. ಅಂದು ಅಣ್ಣ ಗೆದ್ದ. ಗೆದ್ದವನು ನಗಲಿಲ್ಲ. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಆಡಿ, ಇನ್ನೊಮ್ಮೆ ಗೆದ್ದ. ಪೆಟ್ಟಿಗೆಯನ್ನು ಮೇಜಿನಾಚೆ ತಳ್ಳಿದ. ತುಟಿ ಅದುರಿತು, ಕತ್ತಿನ ನರ ಉಬ್ಬಿತು.

"ತ... ತಪ್ಪು."

ಆಗ ತಮ್ಮನಿಗೆ ಹೊಳೆಯಿತು. ಇಷ್ಟು ದಿನ ಅಣ್ಣ ಆಡಿದ್ದು ಗೆಲ್ಲಲಿಕ್ಕಲ್ಲ. ತನ್ನ ಲೆಕ್ಕ ಸರಿಯಿದೆಯೇ ಎಂದು ನೋಡುತ್ತಿದ್ದ. "ತಪ್ಪಾಯ್ತು ಕಣೋ ಅಣ್ಣ" ಎನ್ನುತ್ತ ಮೊದಲಿನ ಚಿಪ್ ಕೂರಿಸಿದ. ಅಣ್ಣ ಒಂದಾಟ ಆಡಿ ಸೋತು, ಪೆಟ್ಟಿಗೆಯನ್ನು ತಮ್ಮನತ್ತ ಸರಿಸಿದ. ತಮ್ಮನೂ ಸೋತ. ಅಣ್ಣನ ಅರ್ಧ ಮುಖ ನಕ್ಕಿತು.

ಆ ವರ್ಷ ಮುಗಿಯುವ ಮುನ್ನವೇ ಎರಡನೆಯ ಸಲ ಹೊಡೆತ ಬಿತ್ತು. ಅಣ್ಣ ಉಳಿಯಲಿಲ್ಲ.

ಯಾರು ಬೇಕಾದರೂ ಪಡೆಯಲೆಂದು ಟೀಚರ್ ಆ ಮೊದಲಿನ ಕೋಡನ್ನು ಅಣ್ಣನ ಹೆಸರಲ್ಲೇ, ತಮ್ಮನ ವಿಳಾಸ ಕೊಟ್ಟು ಇಂಟರ್ನೆಟ್‌ನಲ್ಲಿ ಹಾಕಿದರು. ಮೊನ್ನೆ ಅಪರಿಚಿತನೊಬ್ಬ ತಮ್ಮನಿಗೆ ಬರೆದಿದ್ದ: ಪೆಟ್ಟಿಗೆ ಕಟ್ಟಿದೆ, ಚೆನ್ನಾಗಿ ನಡೆಯುತ್ತಿದೆ; ಕೋಡಿನ ನಡುವೆ ಏನೂ ಕೆಲಸ ಮಾಡದ ಒಂದು ಸಾಲಿದೆ, ಅದು ಯಾಕೆ? ತಮ್ಮ ಮೋಟಾರ್ ಕೋಣೆಯಲ್ಲಿ ಸ್ಪ್ಯಾನರ್ ಕೆಳಗಿಟ್ಟು, ಬಹಳ ಹೊತ್ತು ಬರೆದು ಅಳಿಸಿ ಮಾಡಿದ. ಕೊನೆಗೆ ಕಳಿಸಿದ್ದು ಇಷ್ಟೇ: "ಗೊತ್ತಿಲ್ಲ. ಕೇಳೋಣವೆಂದರೆ ಅಣ್ಣ ಇಲ್ಲ."